ಬುಟ್ಟಿ ಹೊತ್ತ ಗೊಂಬೆ, ಏಳಡಿಯ ಸೇತುವೆ

ಅವರ ಹೆಬ್ಬೆರಳಿನ ಉಗುರು ಕೆಂಪು, ತೋರುಬೆರಳಿನದು ಹಳದಿ, ನಡುಬೆರಳಿನದು ಹಸಿರು. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಒತ್ತಿ ಅದು ಉಗುರಿನೊಳಕ್ಕೇ ಇಳಿದುಬಿಟ್ಟಿತ್ತು. ಸೋಪಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಬೀದಿಗೊಬ್ಬರಿದ್ದರು. ನಾನು ಚಾಚಾ ಅನ್ನುತ್ತಿದ್ದದ್ದು ಇವರೊಬ್ಬರನ್ನೇ.

ನಮ್ಮದು ಪೇಟೆಯಿಂದ ಮೂರು ಮೈಲಿ ಆಚೆಯ ಹಳ್ಳಿ. ಆಗ ಎಲ್ಲರಿಗೂ ರೇಷ್ಮೆ ಕೈ ಹಿಡಿದಿದ್ದ ಕಾಲ. ಮನೆಯಲ್ಲಿ ನಡುಮನೆ ಹುಳುಗಳಿಗೆ, ಜಗುಲಿ ನಮಗೆ. ಗೂಡು ಮಾರಿ ಊರವರು ತಾರಸಿ ಹಾಕಿಸಿದರೆ ನಮ್ಮಪ್ಪ ನನ್ನನ್ನು ಇಂಜಿನಿಯರಿಂಗ್ ಕಾಲೇಜಿಗೆ ಹಾಕಿದ. "ಹುಳ ಮೇಯ್ಸೋ ಮನೆ ಹೆಣ್ಣು ಬಿಲ್ಡಿಂಗ್ ಕಟ್ತದಂತೆ ಕಣ್ಲಾ" ಎಂದು ಬಸ್ ಕಾಯುವವರೆಲ್ಲ ನಕ್ಕಿದ್ದರು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳೇ ನಾನು ಮೊದಲು.

ಮೊದಲ ಪರೀಕ್ಷೆಯಲ್ಲೇ ಡ್ರಾಯಿಂಗಿನಲ್ಲಿ ಡುಮ್ಕಿ ಹೊಡೆದೆ. ಶಂಕುವನ್ನು ಓರೆಯಾಗಿ ಕೊಯ್ದರೆ ಒಳಗೆ ಯಾವ ಆಕಾರ ಕಾಣುತ್ತದೆ ಅಂತ ಕೇಳಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ದಿನಾ ರೈಲಿಳಿದು ಹಳ್ಳಿ ಬಸ್ಸಿಗೆ ಕಾಯುತ್ತಿದ್ದದ್ದು ಚಾಚಾ ಅಂಗಡಿ ಮುಂದೆ. ಅವತ್ತು ನನ್ನ ಮುಖ ನೋಡಿ ಕೇಳಿದರು.

"ಏನವ್ವಾ, ಕಾಲೇಜಲ್ಲೂ ಹೊಡೀತಾರಾ?"

ವಿಷಯ ಹೇಳಿದೆ. ಹಾಲೆ ಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿ, ಉಳಿ ಕೊಟ್ಟು, ಐದೇ ನಿಮಿಷದಲ್ಲಿ ಶಂಕು ಕಡೆದರು. ಗರಗಸದಲ್ಲಿ ಓರೆಯಾಗಿ ಕೊಯ್ದು ಎರಡು ಹೋಳನ್ನೂ ನನ್ನ ಅಂಗೈಮೇಲಿಟ್ಟರು. ಕೊಯ್ದ ಮುಖ ಮೊಟ್ಟೆಯ ಹಾಗೆ ಉದ್ದುದ್ದ ಗುಂಡಗಿತ್ತು.

"ತಲೇಲಿ ಕಾಣ್ದಿದ್ರೆ ಕೈಯಲ್ಲಿ ನೋಡು ಬೇಟಿ. ಇದಕ್ಯಾಕೆ ಅಳೋದು?"

ಆ ವರ್ಷವೆಲ್ಲ ನನಗಾಗಿ ಎಷ್ಟು ತುಂಡು ಕೊಯ್ದರೋ. ಎರಡನ್ನು ಅವ್ವ ಸೌದೆ ಅಂದುಕೊಂಡು ಒಲೆಗೂ ಹಾಕಿದಳು. ಉಳಿದವುಗಳ ಪುಣ್ಯದಿಂದ ಪಾಸಾದೆ.

ಚಾಚಾಗೆ ಒಂದು ಅಭ್ಯಾಸ. ಗೊಂಬೆ ಮುಗಿದ ಮೇಲೆ ಅದನ್ನು ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. ಒಸಿ ಚುಚ್ಚಿದರೂ ಮತ್ತೆ ಉಜ್ಜುಕಾಗದ ಹಿಡಿಯುತ್ತಿದ್ದರು. "ಮಕ್ಕಳು ಕಣ್ಣಲ್ಲಿ ನೋಡಲ್ಲ, ಬಾಯಲ್ಲಿ ನೋಡ್ತವೆ" ಅನ್ನುತ್ತಿದ್ದರು. ಈ ಅಭ್ಯಾಸವೇ ಮುಂದೆ ನನ್ನ ಕೆಲಸಕ್ಕೆ ಕುತ್ತು ತರಲಿತ್ತು.

ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ಒಂದು ಕಟ್ಟಡ ನಕ್ಷೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಟೆಂಪರರಿ. ಆಮೇಲೆ ಇಟ್ಟುಕೊಳ್ಳುವುದು ಬಿಡುವುದು ಸಾಹೇಬರ ಇಷ್ಟ. ಅಲ್ಲಿ ಆಗ ದೊಡ್ಡ ಯೋಜನೆಯೊಂದು ಕೈಯಲ್ಲಿತ್ತು. ಮಾರ್ಕೆಟ್ಟಿನ ಬಳಿ ಹದಿನೈದು ಅಂತಸ್ತಿನ ಐದು ಕಟ್ಟಡ, ರಸ್ತೆಯ ಮೇಲೆ ಅವನ್ನೂ ಮಾರ್ಕೆಟ್ಟನ್ನೂ ಕೂಡಿಸುವ, ಮೇಲೆ ಸೂರಿರುವ ಕಾಲುಸೇತುವೆಗಳು. ಒಪ್ಪಿಗೆ ಕೊಡುವ ಸಮಿತಿಗೆ ಮಾದರಿ ಮಾಡಿ ತೋರಿಸಬೇಕು. ಮಾದರಿ ಮಾಡುವವನಿಗೆ ಕಾಮಾಲೆ ಬಂತು. ಸಾಹೇಬರು ತಲೆ ಚಚ್ಚಿಕೊಳ್ಳುವಾಗ ನಾನು ಬಾಯಿ ತಪ್ಪಿ ಅಂದೆ: "ಸಾರ್, ನಮ್ಮೂರಲ್ಲಿ ಮಾಡಿಸ್ಕೊಂಡು ಬತ್ತೀನಿ."

"ಹಾಳಾದ್ರೆ ನೀನು ಊರಲ್ಲೇ ಇದ್ಬಿಡು" ಅಂದರು ಸಾಹೇಬರು. ತಮಾಷೆಗಲ್ಲ.

ಎಂಟಡಿಗೆ ಒಂದಂಗುಲದ ಲೆಕ್ಕದಲ್ಲಿ ಚಾಚಾಗೆ ನಕ್ಷೆ ಕೊಟ್ಟು ಬಂದೆ. ಕಟ್ಟಡ ಒಂದೊಂದೂ ಮೊಳದೆತ್ತರ. ಹೋಲಿಕೆಗೆ ಇರಲಿ ಅಂತ ಹತ್ತು ಮನುಷ್ಯರನ್ನೂ ಮಾಡಿ ಅಂದೆ. ಸಭೆ ಸೋಮವಾರ. ಭಾನುವಾರ ಬೆಳಿಗ್ಗೆ ತರಲು ಹೋದೆ. ಐದೂ ಕಟ್ಟಡ ಐದು ಬಣ್ಣ, ಬೊಂಬೆಯ ಹಾಗೆ ಮಿರಮಿರ. ಮೂಲೆಗಳೆಲ್ಲ ನುಣ್ಣಗೆ ಗುಂಡಗೆ.

"ಚಾಚಾ! ಬಿಳೀ ಬಣ್ಣ ಅಂದಿದ್ದೆ. ಮೂಲೆ ಎಲ್ಲಿ?"

"ಚುಚ್ತಿತ್ತು. ತೆಗ್ದೆ."

"ಇದು ಆಡೋ ಸಾಮಾನಲ್ಲ! ಆಫೀಸರುಗಳು ಬಾಯಿಗೆ ಹಾಕ್ಕೊಳ್ತಾರಾ?"

"ಯಾರಿಗ್ಗೊತ್ತು" ಅಂದರು ಚಾಚಾ, ನಗದೆ.

ನನಗೆ ಅಳುವೇ ಬಂತು. ಅವರು ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳದೆ ಬೆಂಕಿಪೊಟ್ಟಣ ತೆರೆದರು. ಒಳಗೆ ಹುಣಸೆ ಬೀಜದೆತ್ತರದ ಹತ್ತು ಜನ. ಒಬ್ಬಳ ತಲೆಮೇಲೆ ಬುಟ್ಟಿ.

"ಇದ್ಯಾರು?"

"ನಿಮ್ಮವ್ವ. ಗೂಡಿನ ಬುಟ್ಟಿ ಹೊತ್ಕೊಂಡು ಬಸ್ಸಿಳಿಯೋದನ್ನ ನಾನು ನೋಡಿಲ್ವಾ? ಆಕೆ ಐದಡಿ, ಮೇಲೆ ಸಿಂಬಿ ಬುಟ್ಟಿ ಸೇರಿ ಇನ್ನೂ ಎರಡೂಮುಕ್ಕಾಲು. ನಿನ್ನ ಲೆಕ್ಕದಲ್ಲೇ ಐತೆ, ಅಳೆದುಕೋ. ಆದ್ರೆ ಆಕೆ ನಿನ್ನ ಬ್ರಿಜ್ಜೊಳಗೆ ಹೋಗಲ್ಲ."

ಹಾಕಿ ನೋಡಿದೆ. ಸೇತುವೆಯ ಸೂರು ಏಳಡಿ. ಬುಟ್ಟಿ ತಗುಲಿ ಅವ್ವ ಮಗುಚಿ ಬಿದ್ದಳು. ಸೂರಿನ ಅಳತೆ ಬರೆದವಳು ನಾನೇ. ಬುಟ್ಟಿಯಡಿ ಬೆಳೆದವಳು ಬುಟ್ಟಿಯನ್ನೇ ಮರೆತಿದ್ದೆ.

"ಈ ಬೊಂಬೇನ ಬಿಟ್ಟು ಹೋಗ್ತೀನಿ ಚಾಚಾ. ಯಾರಿಗೂ ಗೊತ್ತಾಗಲ್ಲ."

"ಬಿಟ್ಟು ಹೋಗು. ಮಾರ್ಕೆಟ್ಟಿಗೆ ಬರೋರಿಗೂ ತಲೆ ಬಿಟ್ಟು ಬರೋಕೆ ಹೇಳು."

ಬೈಗುಳ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಂಕಿಪೊಟ್ಟಣ ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಸಾಹೇಬರು ಬಣ್ಣ ನೋಡಿ ಕೆಂಪಾದರು, ಆದರೆ ಸಮಿತಿಯವರು ಆಗಲೇ ಒಳಗೆ ಬಂದಿದ್ದರು. ಅಧ್ಯಕ್ಷರು ವಯಸ್ಸಾದವರು. ಹಳದಿ ಕಟ್ಟಡವನ್ನು ಎತ್ತಿ, ಅಂಗೈಯಲ್ಲಿ ಸವರಿ, ಯಾರೂ ನೋಡುತ್ತಿಲ್ಲ ಅಂದುಕೊಂಡು ಕೆನ್ನೆಗೆ ಒತ್ತಿಕೊಂಡರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ಆಮೇಲೆ ಬುಟ್ಟಿಯವಳನ್ನು ಹಿಡಿದು ಸೇತುವೆಯೊಳಗೆ ನಡೆಸಿದರು. ಅವಳು ಮಗುಚಿದಳು.

"ಗೊಂಬೆ ಸ್ವಲ್ಪ ದೊಡ್ಡದಾಗಿದೆ ಸಾರ್, ಹಳ್ಳಿ ಕೆಲಸ" ಎಂದು ಸಾಹೇಬರು ಅವಳನ್ನು ಎತ್ತಿಡಲು ಕೈಚಾಚಿದರು.

ನಾನು ತಡೆದು ಅಂದೆ: "ಗೊಂಬೆ ಸರಿಯಾಗಿದೆ ಸಾರ್. ಅಳೆದು ಮಾಡಿದ್ದು. ಸೇತುವೆಯೇ ತಗ್ಗು. ತಪ್ಪು ನನ್ನದು."

ಅಧ್ಯಕ್ಷರು ಅಳತೆಪಟ್ಟಿ ತರಿಸಿ ತಾವೇ ಅಳೆದರು. ಸೂರನ್ನು ಒಂಬತ್ತೂವರೆ ಅಡಿಗೆ ಎತ್ತರಿಸಿ ತನ್ನಿ, ಒಪ್ಪುತ್ತೇವೆ ಅಂದರು. ಸಾಹೇಬರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ಮೇಜಿನ ಮೇಲೆ ಹೊಸ ನಕ್ಷೆ ಇಟ್ಟು, "ಇದನ್ನೂ ಒಂದ್ಸಲ ನೋಡು, ಯಾರ ತಲೆಯಾದರೂ ತಗಲುತ್ತಾ ಅಂತ" ಅಂದರು. ಕೆಲಸ ಉಳಿಯಿತು ಅಂತ ಆಗ ಗೊತ್ತಾಯಿತು.

ಐದು ಕಟ್ಟಡಗಳಲ್ಲಿ ಎದ್ದದ್ದು ಎರಡೇ. ಉಳಿದವು ಈಗಲೂ ಕಾಗದದಲ್ಲಿವೆ. ಒಂದು ಕಾಲುಸೇತುವೆ ಮಾತ್ರ ಹೇಳಿದ ಹಾಗೆ ಎದ್ದಿತು.

ಚಾಚಾ ಹೋಗಿ ಬಹಳ ವರ್ಷವಾಯಿತು. ಅವರು ಗಟ್ಟಿಯಾಗಿದ್ದಾಗಲೇ, ಸೇತುವೆ ತೆರೆದ ವಾರ, ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಿ ನಡುವೆ ನಿಂತುಬಿಟ್ಟರು. ಹಿಂದೆ ಬಂದವರೆಲ್ಲ ಬೈದುಕೊಂಡು ಸುತ್ತಿ ಹೋದರು. ಆಗ ಹೂವಿನ ದೊಡ್ಡ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಸೂರು ಕಂಡದ್ದೇ ಅಭ್ಯಾಸದಂತೆ ಕತ್ತು ಕುಗ್ಗಿಸಿ ಮೊಣಕಾಲು ಮಡಿಸಿದಳು.

"ಯಾಕವ್ವಾ ಬಗ್ತೀಯ?" ಎಂದು ಚಾಚಾ ಅಲ್ಲಿಂದಲೇ ಕೂಗಿದರು. "ನೆಟ್ಟಗೆ ಬಾ. ನಮ್ಮ ಹುಡುಗಿ ಅಳೆದವ್ಳೆ."

ಅವಳು ಒಂದು ಸಲ ಮೇಲೆ ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಆಮೇಲೆ ನೆಟ್ಟಗಾಗಿ ನಡೆದು ಹೋದಳು.