ಎರಿ ಮಣ್ಣಿನ ಮೇಲೆ ಕೆಂಪು ಕಾರು

ನನಗೆ ಬಾಯಿಗಿಂತ ಮೊದಲು ಕೈ ಏಳುತ್ತದೆ. ಅವ್ವ ತೀರಿಕೊಂಡಾಗಲೂ ಹಾಗೇ ಆಯಿತು. ಪುಣೆಯಲ್ಲಿದ್ದ ತಮ್ಮ ಬರಲೆಂದು ತವರೂರು ಹೂಲಿಯ ಮನೆಯ ಕಟ್ಟೆಯ ಮೇಲೆ, ನಮ್ಮ ರೂಢಿಯಂತೆ, ಅವಳನ್ನು ಕೂರಿಸಿಕೊಂಡು ಸಂಜೆಯವರೆಗೆ ಕಾದೆವು. ಇನ್ನು ಇಡಬಾರದು ಎಂದು ಹಿರಿಯರು ಹೇಳಿದ ಮೇಲೆ ಒಯ್ದು ಮಣ್ಣು ಕೊಟ್ಟೆವು. ಆಮೇಲೆ ತಮ್ಮ ಬಂದ. ಇನ್ನೂ ಹಸಿಯಾಗಿದ್ದ ಗುಣಿಯ ಮುಂದೆ, ಊರ ಜನರೆಲ್ಲ ನೋಡುತ್ತಿದ್ದಂತೆ, ಅವನ ಕಪಾಳಕ್ಕೆ ಬಾರಿಸಿದೆ.

"ಹಡದಾಕಿ ಮಣ್ಣಿಗೂ ತಡಾ ಮಾಡಿ ಬಂದಿಯಲ್ಲೋ. ಇವತ್ತಿನಿಂದ ನೀ ನನ್ನ ತಮ್ಮ ಅಲ್ಲ."

ಅವನ ತುಟಿ ಒಡೆದು ರಕ್ತ ಬಂತು. ಒರೆಸಿಕೊಳ್ಳಲೂ ಇಲ್ಲ, ಗಾಡಿ ಸಿಗಲಿಲ್ಲ ಎಂದಷ್ಟೇ ಅಂದ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಕರೆದೊಯ್ಯದಿದ್ದರೆ ಹೆಣ್ಣುಮಗಳಿಗೆ ತವರು ಮುಗಿದಂತೆಯೇ. ಮೂರು ಪಂಚಮಿ ಹಾಗೇ ಹೋದವು. ಸಂಪಗಾಂವದ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತವರಿಗೆ ಹೊರಡುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಸಿಟ್ಟಿಳಿದ ಮೇಲೆ ಬರುತ್ತದೆಯೇ? ನಾನು ಫೋನು ಮಾಡಲಿಲ್ಲ, ಅವನೂ ಮಾಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಸೊಕ್ಕು ಮಾತ್ರ ಬೇರೆ ಹೇಗಾದೀತು?

ನಾಲ್ಕನೆಯ ವರ್ಷ ಪಂಚಮಿಗೆ ಬಂದ. ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ ಒಂದು ಕೆಂಪು ಕಾರು, ಎರಡೇ ಬಾಗಿಲು, ಹಿಟ್ಟಿನ ಗಿರಣಿ ನುಂಗಿದಂಥ ಸದ್ದು.

"ನಿನ್ನ ಕರಿಯಾಕ ಬಂದೇನಿ ಅಕ್ಕಾ. ಹೂಲಿ ಮನ್ಯಾಗ ಜೋಕಾಲಿ ಕಟ್ಟೇವಿ. ಈ ಗಾಡಿ ಇದ್ದ ಮ್ಯಾಲ ಇನ್ನ ನಾ ಎಲ್ಲಿಗೂ ತಡಾ ಮಾಡೂದಿಲ್ಲ."

ನಾನು ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹತ್ತಿ ಕುಳಿತೆ. ಹಿಂದೆ ಇಡು ಎಂದ, ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡೆ. ಬೈಲಹೊಂಗಲದವರೆಗೂ ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ. ಒಳಗೊಳಗೇ ಮಾತ್ರ ಹಿಗ್ಗಿದ್ದೆ, ಈ ಖೋಡಿ ಕೊನೆಗೂ ಬಂದನಲ್ಲ ಎಂದು.

ಊರು ದಾಟಿ ಸವದತ್ತಿ ರಸ್ತೆ ಹಿಡಿದೆವು. ಆಗಷ್ಟೇ ಮಳೆ ನಿಂತಿತ್ತು. ಅವನು ಏನೋ ಒಂದು ಗುಂಡಿ ಒತ್ತಿದ. ಗಾಲಿ ಜಾರದಂತೆ ಗಾಡಿಯೇ ಹಿಡಿದುಕೊಳ್ಳುತ್ತದಂತೆ, ಅದನ್ನು ಬಂದ್ ಮಾಡಿದರೆ ಪೂರ್ತಿ ಜೋರು ತೋರಿಸುತ್ತದಂತೆ. ಮುಂದೆ ಒಂದು ಟ್ರ್ಯಾಕ್ಟರ್ ಹೊಲದಿಂದ ಎದ್ದು ಬಂದು, ಗಾಲಿಗೆ ಮೆತ್ತಿದ್ದ ಅಂಟಂಟು ಕಪ್ಪು ಎರಿ ಮಣ್ಣನ್ನು ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಉದುರಿಸಿ ಬದಿಗೆ ನಿಂತಿತ್ತು.

"ಎರಿ ಬಿದ್ದೈತಿ, ಸಾವಕಾಶ," ಎಂದೆ. ಇಷ್ಟು ವರ್ಷಗಳ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು ಅದು.

"ಈಗ ನೋಡ ಅಕ್ಕಾ," ಎಂದವನೇ ಕಾಲು ಪೂರ್ತಿ ಒತ್ತಿದ.

ಬೆನ್ನಿಗೆ ಯಾರೋ ಒದ್ದಂತಾಯಿತು. ತಲೆ ಸೀಟಿಗೆ ಬಡಿಯಿತು. ಹಿಂದಿನ ಗಾಲಿಗಳು ಎರಿಯ ಮೇಲೆ ಹೋಗಿದ್ದೇ ತಡ, ಗಾಡಿಯ ಹಿಂಭಾಗ ಬಲಕ್ಕೆ ಕಿತ್ತುಕೊಂಡಿತು. ಅವನು ಸ್ಟೇರಿಂಗ್ ಎಳೆದ, ಕಾಲು ತೆಗೆದ. ಅದು ಎಡಕ್ಕೆ ಬೀಸಿತು. ರಸ್ತೆ, ಹೊಲ, ಟ್ರ್ಯಾಕ್ಟರ್, ಮತ್ತೆ ರಸ್ತೆ, ಎಲ್ಲ ಕಣ್ಣ ಮುಂದೆ ಗರಗರ ತಿರುಗಿದವು. "ಅವ್ವಾ!" ಎಂದು ಚೀರಿದ್ದು ನಾನಲ್ಲ, ಅವನು. ಮೋರಿಯ ಕಟ್ಟೆಗೆ ಮೂತಿ ಹೊಡೆದು ಗಾಡಿ ನಿಂತಿತು. ಮುಂದಿನಿಂದ ಸಿಡಿದ ಏರ್‌ಬ್ಯಾಗ್ ಡಬ್ಬಿಯನ್ನು ನನ್ನ ಮೇಲೆಯೇ ಗುದ್ದಿತು. ಬಲಗೈ ಮುಂಗೈ ಹತ್ತಿರ ಲಟಕ್ ಎಂದದ್ದು ನನಗೇ ಕೇಳಿಸಿತು.

ಟ್ರ್ಯಾಕ್ಟರಿನವನು ಓಡಿ ಬಂದು ಬಾಗಿಲು ಕಿತ್ತು ನಮ್ಮನ್ನು ಹೊರಗೆಳೆದ. ತಮ್ಮನ ಹುಬ್ಬು ಸೀಳಿ ಮುಖವೆಲ್ಲ ರಕ್ತ. ಕೆಸರಿನಲ್ಲಿ ಕುಸಿದು ಕುಳಿತಿದ್ದ, ಅಲುಗುತ್ತಿರಲಿಲ್ಲ. ಸತ್ತನೇನೋ ಎಂದುಕೊಂಡೆ. ಆಗ ಕಣ್ಣು ತೆರೆದ. ಬದುಕಿದ್ದಾನೆ ಎಂದು ಗೊತ್ತಾದ ಕೂಡಲೇ ಎಡಗೈಯಲ್ಲಿ ಚಪ್ಪಲಿ ಹಿಡಿದು ಹೊಡೆಯತೊಡಗಿದೆ. ಬೆನ್ನು, ಹೆಗಲು, ತಲೆ ಎಂದು ನೋಡಲಿಲ್ಲ.

"ಅವ್ವ ಹೋದಳು, ಈಗ ನೀನೂ ಸಾಯಾಕ ಹೊಂಟಿದ್ಯೇನೋ? ನನಗ ಯಾರದಾರೋ ಮೂಳಾ?"

"ಬಿಡ್ರಿ ಅಕ್ಕಾರ, ರಕ್ತ ಸೋರಾಕ ಹತ್ತೈತಿ," ಎಂದು ಟ್ರ್ಯಾಕ್ಟರಿನವನು ನನ್ನ ಹೆಗಲು ಹಿಡಿದ.

"ಹೊಡೀಲಿ ಬಿಡ್ರಿ," ಎಂದ ತಮ್ಮ. "ಹೊಡಿ ಅಕ್ಕಾ. ಅವತ್ತ ಗಾಡಿ ಸಿಗಲಿಲ್ಲ ಅಂದದ್ದು ಸುಳ್ಳು. ಹೊತ್ತೇರೂದ್ರಾಗ ಕಿತ್ತೂರಿಗೆ ಬಂದು ಮುಟ್ಟಿದ್ದೆ. ಅಲ್ಲೇ ಚಾದಂಗಡಿ ಮುಂದ ಕುಂತಬಿಟ್ಟೆ. ಅವ್ವನ ಆ ಮಾರಿ ನೋಡಾಕ ನನಗ ಎದಿ ಆಗಲಿಲ್ಲ. ಮಣ್ಣು ಮುಗದಿರಬೇಕು ಅನಿಸಿದ ಮ್ಯಾಲ ಎದ್ದೆ."

ಚಪ್ಪಲಿ ಎತ್ತಿದ್ದ ಕೈ ಅಲ್ಲೇ ನಿಂತಿತು.

"ಮತ್ತ ಈ ಕಾರ್ ಯಾಕ ತಂದಿ?"

"ಇದನ್ನ ನೋಡಿದ್ರ, ಅವತ್ತ ಗಾಡಿದ ತಪ್ಪಿತ್ತು ಅಂತ ನೀ ನಂಬತಿ ಅಂತ."

ಕಿತ್ತೂರು! ಹೂಲಿಗೆ ಒಂದೆರಡು ತಾಸಿನ ಹಾದಿ. ನಾವು ಅವ್ವನ ತಲೆ ವಾಲದಂತೆ ಕೈಕೊಟ್ಟು ಹಾದಿ ನೋಡುತ್ತಿದ್ದಾಗ ಇವನು ಕಿತ್ತೂರಿನಲ್ಲಿ ಕುಳಿತಿದ್ದ.  ಅವನ ಕೂದಲು ಹಿಡಿದು ಎಳೆದೆ. ಎಳೆದವಳು ಆ ರಕ್ತದ ತಲೆಯನ್ನು ಎದೆಗೆ ಒತ್ತಿಕೊಂಡು ಬಾಯಿಬಿಟ್ಟು ಅತ್ತೆ. ಅವ್ವನ ಸಾವಿಗೆ ನಾವಿಬ್ಬರೂ ಕೂಡಿ ಅತ್ತದ್ದು ಅವತ್ತೇ.

ಬೈಲಹೊಂಗಲದ ದವಾಖಾನೆಗೆ ಅದೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೊರಟೆವು. ಗಾಡಿ ಜೋರಾಗಿ ಓಡಿಸಲೇ ಎಂದು ಕೇಳಿದ ಟ್ರ್ಯಾಕ್ಟರಿನವನಿಗೆ ಸಾವಕಾಶ ಹೋಗ್ರಿ ಎಂದೆ.

"ಕೈ ಮುರದೈತಿ ಅಕ್ಕಾ, ತಡಾ ಆಕೈತಿ," ಎಂದ ತಮ್ಮ, ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡು.

"ಆದ್ರ ಆಗ್ಲಿ ತಗೋ," ಎಂದೆ. "ಬಂದಿಯಲ್ಲ."