ಮೊಸಳೆಯ ಕರುಳು, ಅಮ್ಮನ ಬೆರಳು

ತೆಲುಗು ಸೀಮೆಯ ಕಲ್ಯಾಣದುರ್ಗದ ಸಂತೆಬೀದಿಯಲ್ಲಿ ನನ್ನ ಅಮ್ಮ ಕುರಿಯ ಕರುಳು, ಬೋಟಿ ತೊಳೆದು ಮಾರುತ್ತಾಳೆ. ಹಿಂದೂಪುರದ ಕಾಲೇಜಿಗೆ ಸೇರಿದಾಗ ಎಲ್ಲರಿಗೂ ನಾನು ‘ಅಮ್ಮನದು ಹೋಟೆಲ್’ ಎಂದುಬಿಟ್ಟಿದ್ದೆ. ಅದೇ ಕಾಲೇಜಿನಲ್ಲಿ ಹೊಟ್ಟೆಹುಳುಗಳ ಮೇಲೆ ಸಂಶೋಧನೆಗೆ ಕೂತ ಮೇಲೂ ಆ ಸುಳ್ಳು ಹಾಗೇ ಉಳಿದಿತ್ತು.

ಕೃಷ್ಣಾ ನದಿಯ ದಡದಲ್ಲಿ ಸತ್ತುಬಿದ್ದಿದ್ದ ಕಾಡುಮೊಸಳೆಯೊಂದರ ಕರುಳಿನ ತುಂಡು, ಅನುಮತಿ ಪತ್ರದ ಸಮೇತ ಮಂಜುಗಡ್ಡೆಯ ಡಬ್ಬಿಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಂತು. ಒಳಗೆ ಬಿಳಿ ಹುಳುಗಳು ಕರುಳಿಗೆ ತಲೆ ಹುದುಗಿಸಿಕೊಂಡಿದ್ದವು. ಯಾವ ಜಾತಿಯೆಂದು ಹೇಳಬೇಕಾದರೆ ಹುಳುವಿನ ತಲೆಯ ತುದಿಯಲ್ಲಿರುವ ತುಟಿ ನೋಡಲೇಬೇಕು. ಚಿಮಟದಲ್ಲಿ ನಾನು ಎಳೆದ ಮೂರಕ್ಕೂ ತಲೆ ಒಳಗೇ ಉಳಿಯಿತು. ಇನ್ನಿದ್ದದ್ದು ಎರಡೇ ಹುಳು. ಅವೂ ಹಾಳಾದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ನಾಚಿಕೆ ನುಂಗಿಕೊಂಡು, ದಿನವೂ ಕುರಿಯ ಕರುಳಿನಿಂದ ಹುಳು ಬಿಡಿಸುವ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ಮೊಸಳೆ ಜಂತು ಬಂದೈತೆ. ಹೆಂಗೆ ಹಿಡಿಯೋದು?”

“ಅಯ್ಯೋ, ದೂರ ನಿಂತ್ಕೊಳೇ! ಬಾಗ್ಲು ಹಾಕ್ಬುಡು!”

ತಪ್ಪು ನನ್ನದೇ. ಅಮ್ಮನಿಗೆ ಜಂತು ಎಂದರೆ ತೆಲುಗಿನ ಜಂತುವು, ಇಡೀ ಪ್ರಾಣಿ. ಹೊಟ್ಟೆಹುಳುವನ್ನು ನಮ್ಮ ಮನೆಯಲ್ಲಿ ಏಲಿಕ ಪಾಮು ಎನ್ನುತ್ತೇವೆ. ಹಾಗೆ ಬಿಡಿಸಿ ಹೇಳಿದ ಮೇಲೆ ನಕ್ಕೂ ನಕ್ಕೂ ಸಾಕಾಗಿ, “ಇಷ್ಟೇನಾ? ಮುಟ್ಟಬ್ಯಾಡ, ನಾನೇ ಬತ್ತೀನಿ ಕಣಮ್ಮ” ಎಂದಳು.

ಮರುದಿನ ಪೆನುಕೊಂಡದ ಮೇಲೆ ಬರುವ ಬಸ್ಸಿನಲ್ಲಿ ಬಂದೇಬಂದಳು. ಗೊಣಗುತ್ತಲೇ ಕೈಗವಸು ಹಾಕಿಕೊಂಡಳು. ಕರುಳನ್ನು ಕಾಲುಚೀಲದಂತೆ ಒಳಗುಹೊರಗು ಮಾಡಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಿಟ್ಟು, ಸ್ಟೂಲಿನ ಮೇಲೆ ಆರಾಮಾಗಿ ಕುಳಿತಳು.

“ಎಳೀಬಾರ್ದು. ಅದೇ ಬಿಡೋವರ್ಗೂ ಕಾಯ್ಬೇಕು.”

ಆಮೇಲೆ ಹುಳುವಿನ ಬುಡದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಎರಡೂ ತಲೆ ಸಮೇತ ಬಂದವು. ಸೂಕ್ಷ್ಮದರ್ಶಕದಲ್ಲಿ ಮೂರು ತುಟಿಗಳು ಸ್ಪಷ್ಟವಾಗಿ ಕಂಡವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಮೇಷ್ಟ್ರು, “ಇದು ನನ್ನ ಕೈಯಲ್ಲೂ ಆಗದ್ದು” ಎಂದು ಒಪ್ಪಿಕೊಂಡರು.

ಹುಳುಗಳನ್ನು ಹಾಕಿಟ್ಟ ಶೀಸೆಯ ಚೀಟಿಯಲ್ಲಿ ‘ಸಂಗ್ರಹಿಸಿದವರು’ ಎಂಬಲ್ಲಿ ಅಮ್ಮನ ಹೆಸರು ಬರೆದೆ. ಪಕ್ಕದಲ್ಲಿ ‘ಬೋಟಿ ತೊಳೆಯುವವರು, ಕಲ್ಯಾಣದುರ್ಗ’ ಎಂದೂ ಬರೆದು ಅವಳಿಗೆ ಓದಿ ಹೇಳಿದೆ.

ಅಮ್ಮ ಮೇಷ್ಟ್ರ ಕಡೆ ನೋಡಿ ದನಿ ತಗ್ಗಿಸಿದಳು. “ಹೋಟೆಲ್ ಅಂತ್ಲೇ ಬರಿಯೇ. ನೀನು ಎಲ್ಲರ್ಗೂ ಹಂಗೇ ಹೇಳಿದೀಯಲ್ಲ.”

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ.

“ಹೋಟೆಲ್ ಎಲ್ಲೈತೆ ಕಣಮ್ಮ ನಮ್ಗೆ?” ಎಂದು ಮೇಷ್ಟ್ರಿಗೂ ಕೇಳುವ ಹಾಗೆ ಹೇಳಿ, ಚೀಟಿಯನ್ನು ಶೀಸೆಗೆ ಅಂಟಿಸಿದೆ.