ದೊಡ್ಡಮ್ಮನ ಪಾಚಿ ಬಿಳಿಚಿಕೊಂಡದ್ದು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತು ಜೋಡಿಸುವುದೂ ಅಷ್ಟಾಗಿ ಬರುವುದಿಲ್ಲ. ಓದುವವರು ಮನ್ನಿಸಬೇಕು. ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ.

ಕಪ್ಪೆಚಿಪ್ಪಿನ ಮರಿ ಸಾಕುವ ಕೇಂದ್ರದಲ್ಲಿ ದೊಡ್ಡಮ್ಮನಿಗೆ ಕೆಲಸ. ಆ ಮರಿಗಳು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು. ಅದನ್ನು ಗಾಜಿನ ಜಾಡಿಗಳ ಉಪ್ಪುನೀರಿನಲ್ಲಿ, ಟ್ಯೂಬ್‌ಲೈಟಿನ ಮುಂದೆ ಬೆಳೆಸುವುದು ಅವಳ ಪಾಲಿನ ಕೆಲಸ. ಬೆಳಿಗ್ಗೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮೊಳಕೈವರೆಗೆ ಕೈ ತೊಳೆದು, "ಏಳ್ರಪ್ಪಾ, ಬೆಳಗಾಯ್ತು" ಎನ್ನುತ್ತ ದೀಪ ಹಾಕುವಳು. ಜೊತೆಯವರ ಬಾಯಲ್ಲಿ ಅವಳು ಪಾಚಕ್ಕ.

ಈ ಸಲ ಚಿಪ್ಪುಗಳು ಎಣಿಸಿದ್ದಕ್ಕಿಂತ ಬೇಗ ಮೊಟ್ಟೆಯಿಡುವ ಹಾಗೆ ಕಂಡವು. ಮರಿಗಳ ಹೊಟ್ಟೆಗೆ ಸಾಲದೆ ಹೋದೀತೆಂದು ದೊಡ್ಡಮ್ಮನಿಗೆ ಅವಸರ. ಕಡುಹಸಿರಾಗಿದ್ದ ನೀರನ್ನು ಹೊಸ ಜಾಡಿಗಳಿಗೆ ಹಂಚಿ, ಮೇಲೆ ಉಪ್ಪುನೀರು ತುಂಬಿಸಿದಳು. ಬೇಗ ಬೆಳೆಯಲಿ ಎಂದು ಅಂದೇ ಹೊಸ ಜೋರು ದೀಪಗಳನ್ನೂ ಹಾಕಿದಳು.

ಮಾರನೆಯ ದಿನ ನೋಡಿದರೆ ಜಾಡಿಗಳೆಲ್ಲ ಬಿಳಿಚಿಕೊಂಡು ಹಳದಿಯಾಗಿವೆ. ಓಡಿಹೋಗಿ ಮೇಲ್ವಿಚಾರಕಿಯನ್ನು ಕರೆದುಕೊಂಡು ಬಂದಳು. ಪಾಚಿ ಸತ್ತರೆ ಮರಿಗಳೂ ಉಪವಾಸ ಸಾಯುತ್ತವೆ.

ಮೇಲ್ವಿಚಾರಕಿ ಒಂದು ಜಾಡಿ ಎತ್ತಿ ನೋಡಿದರು. "ಏನ್ ಮಾಡಿದ್ರಿ ಪಾಚಕ್ಕ?"

"ಬೆಳಕು ಕೊಟ್ಟೆ ಮೇಡಂ. ಧಾರಾಳವಾಗಿ ಕೊಟ್ಟೆ."

"ಅದೇ ಆಗಿದ್ದು. ದಟ್ಟವಾಗಿದ್ದಾಗ ಒಂದಕ್ಕೊಂದು ನೆರಳಾಗಿದ್ವು. ನೀವು ತೆಳು ಮಾಡಿದ್ರಿ, ನೆರಳು ಹೋಯ್ತು. ಅದರ ಮೇಲೆ ಈ ದೀಪ ಬೇರೆ. ತಡೆಯೋಕಾಗದೆ ತಮ್ಮ ಹಸಿರನ್ನೇ ಕಳ್ಕೊಂಡಿವೆ."

"ಸತ್ತೇಹೋದ್ವಾ?"

"ಎಲ್ಲಾ ಸತ್ತಿರಲ್ಲ. ಬೆಳಕು ಕಮ್ಮಿ ಮಾಡಿ ಕಾಯೋಣ. ಮರಿ ಹೊರಗೆ ಬರೋದ್ರೊಳಗೆ ಚೇತರಿಸ್ಕೊಂಡ್ರೆ ನಮ್ಮ ಪುಣ್ಯ."

ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ದೊಡ್ಡಪ್ಪ ಕಾಲೆಳೆದರು. "ನಂಗೆ ಜ್ವರ ಬಂದಾಗ ನೀನು ಎರಡು ಸಲ ಬಡಿಸ್ಕೊಂಡು ಉಂಡೆ. ಪಾಚಿಗೆ ಹುಷಾರಿಲ್ಲ ಅಂತ ಉಪವಾಸ ಕೂತಿದೀಯಲ್ಲೇ!"

"ನೀವು ನೆಗಡಿಗೇ ಮನೆಯೆಲ್ಲಾ ರಂಪ ಮಾಡ್ತೀರಿ. ಅವಕ್ಕೆ ಬಾಯಿಲ್ಲ ಕಣ್ರೀ."

ದೊಡ್ಡಪ್ಪ ಎದ್ದು ಹೋಗಿ ತೆಳ್ಳನೆಯ ಹಳೇ ಬೆಡ್‌ಶೀಟು ಹುಡುಕಿ ಅವಳ ಚೀಲಕ್ಕೆ ತುರುಕಿದರು. "ಮರೆ ಕಟ್ಟು. ಈಗ ಉಣ್ಣು."

ಆ ಬೆಡ್‌ಶೀಟನ್ನು ದೀಪಕ್ಕೂ ಜಾಡಿಗಳಿಗೂ ನಡುವೆ ಕಟ್ಟಿದಳು. ದಿನವೂ ಜಾಡಿಯ ಹಿಂದೆ ಬಿಳಿ ಕಾಗದ ಹಿಡಿದು ಬಣ್ಣ ನೋಡುವಳು. ಕೆಲವು ಉಳಿಯಲಿಲ್ಲ, ಚೆಲ್ಲಬೇಕಾಯಿತು. ಚೆಲ್ಲುವಾಗ ಮುಖ ಆಚೆ ತಿರುಗಿಸಿದಳಂತೆ. ಮಿಕ್ಕವುಗಳಲ್ಲಿ ಮೊದಲು ಮೂಲೆಯ ಜಾಡಿಗೆ, ಆಮೇಲೆ ಪಕ್ಕದವಕ್ಕೆ ಹಸಿರು ತಿರುಗಿತು.

ಮರಿಗಳು ಬಂದಾಗ ಪಾಚಿ ಹೇಗೋ ಸಾಕಾಯಿತು. ಮೇಡಂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಾಜಿನಂಥ ಮರಿ, ಅದರ ಹೊಟ್ಟೆಯೊಳಗೆ ಹಸಿರು ಚುಕ್ಕೆ.

"ಅಯ್ಯೋ, ತಿಂದಿದೆ ನೋಡಿ!" ಎಂದು ದೊಡ್ಡಮ್ಮ ಕೂಗಿದ್ದು ಆಚೆ ಕೋಣೆಗೂ ಕೇಳಿಸಿತಂತೆ.

ನನಗೆ ಹೊಸಬರ ಮುಂದೆ ಮಾತು ಹೊರಡುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ದೊಡ್ಡಮ್ಮನ ಜೊತೆ ಹೋಗಿ ಆ ಮರಿಗಳನ್ನು ನೋಡಿ ಬರುತ್ತೇನೆ.